9.8 ಬಂದರೆ ಸಾಕೇ?

ಪದವಿ ತರಗತಿಯ ಮೊದಲ ವರ್ಷದ ವಿದ್ಯಾರ್ಥಿಯ ಭೌತವಿಜ್ಞಾನ ರೆಕಾರ್ಡ್ ಪುಸ್ತಕ ತೆರೆದು, ಸರಳ ಲೋಲಕದ ಪುಟವನ್ನು ನೋಡಿ. ಗುರುತ್ವ ವೇಗೋತ್ಕರ್ಷದ, ಅಂದರೆ ‘ಜಿ’ಯ ಬೆಲೆ ಸಾಮಾನ್ಯವಾಗಿ 9.8ರ ಆಸುಪಾಸಿನಲ್ಲೇ ಇರುತ್ತದೆ. ಎಷ್ಟೋ ಸಲ 9.8134 ಎಂದೂ ಬರೆದಿರುವುದುಂಟು. ಬಳಸಿದ್ದು ದಾರ, ಗುಂಡು, ಮೀಟರ್ ಪಟ್ಟಿ ಮತ್ತು ಸ್ಟಾಪ್‌ವಾಚ್. ದಶಮಾಂಶದ ನಾಲ್ಕನೆಯ ಸ್ಥಾನ ಎಲ್ಲಿಂದ ಬಂತು? ಕ್ಯಾಲ್ಕುಲೇಟರಿನಿಂದ, ಲೋಲಕದಿಂದಲ್ಲ.

ನೀವೇ ಲೆಕ್ಕ ಹಾಕಿ. ಒಂದು ಮೀಟರ್ ಉದ್ದದ ಲೋಲಕ ಒಂದು ಆಂದೋಲನಕ್ಕೆ ಸುಮಾರು 2 ಸೆಕೆಂಡ್ ತೆಗೆದುಕೊಳ್ಳುತ್ತದೆ. 20 ಆಂದೋಲನಗಳಿಗೆ 40 ಸೆಕೆಂಡ್. ಗುಂಡಿ ಒತ್ತುವಾಗ 0.2 ಸೆಕೆಂಡ್ ಹೆಚ್ಚುಕಡಿಮೆಯಾದರೆ ದೋಷ ಶೇಕಡಾ 0.5. ಸೂತ್ರದಲ್ಲಿ ಅವಧಿಯ ವರ್ಗವಿರುವುದರಿಂದ ‘ಜಿ’ಯಲ್ಲಿ ಅದು ಶೇಕಡಾ 1 ಆಗುತ್ತದೆ. ಪ್ರಾಮಾಣಿಕ ಉತ್ತರ 9.8 ± 0.1 ಮಾತ್ರ. ಪುಸ್ತಕದ 9.81ಕ್ಕೂ ಬೆಂಗಳೂರಿನ ಸುಮಾರು 9.78ಕ್ಕೂ ಇರುವ ವ್ಯತ್ಯಾಸ ಈ ಉಪಕರಣದ ಕಣ್ಣಿಗೆ ಬೀಳುವಂಥದ್ದಲ್ಲ.

ಪುಸ್ತಕದ ಬೆಲೆಗೆ ಹತ್ತಿರ ಬಂದವರಿಗೆ ಹೆಚ್ಚು ಅಂಕ ಎಂಬ ಪದ್ಧತಿ ಇರುವಲ್ಲಿ ವಿದ್ಯಾರ್ಥಿ ಏನು ಕಲಿಯುತ್ತಾನೆ? ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಅವಲೋಕನಗಳನ್ನು ತುಂಬುವುದನ್ನು. ಇದು ಕೇವಲ ಅಪ್ರಾಮಾಣಿಕತೆಯ ಪ್ರಶ್ನೆಯಲ್ಲ. ತಪ್ಪು ಉತ್ತರ ಕಲಿಸಬಹುದಾಗಿದ್ದ ಪಾಠವೂ ಕೈತಪ್ಪುತ್ತದೆ.

ಒಬ್ಬಳಿಗೆ 10.8 ಬಂತೆನ್ನಿ. ಬೆಲೆ ಶೇಕಡಾ 10ಕ್ಕೂ ಹೆಚ್ಚು ಏರಿದೆ. ಇದು ಬೆರಳಿನ ದೋಷವಲ್ಲ. ಲೋಲಕವನ್ನು ಬಿಡುವಾಗಲೇ ‘ಒಂದು’ ಎಂದು ಎಣಿಸಿದರೆ 20 ಎಂದಾಗ ಆಗಿರುವುದು 19 ಆಂದೋಲನ. ಆಗ ಬರುವ ಬೆಲೆ ಸರಿಸುಮಾರು ಇಷ್ಟೇ! ತಪ್ಪಿನ ಗಾತ್ರವೇ ಅದರ ಕಾರಣವನ್ನು ಸೂಚಿಸುತ್ತದೆ. ಹಾಗೆಯೇ, ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯದೆ ಅದರ ಮೇಲ್ತುದಿಯವರೆಗೆ ಅಳೆದರೆ, ಉದ್ದ ಮತ್ತು ಅವಧಿಯ ವರ್ಗಗಳ ನಡುವಣ ಸರಳರೇಖೆ ಮೂಲಬಿಂದುವಿನ ಮೂಲಕ ಹಾಯುವುದಿಲ್ಲ. ರೇಖೆಯನ್ನು ಹಿಂದಕ್ಕೆ ಎಳೆದರೆ ಅದು ಉದ್ದದ ಅಕ್ಷವನ್ನು ಕಡಿಯುವ ಜಾಗ ಗುಂಡಿನ ತ್ರಿಜ್ಯವನ್ನೇ ಹೇಳುತ್ತದೆ. ‘ಮೂಲಬಿಂದುವಿಗೆ ಸೇರಿಸಿ ಎಳೆ’ ಎಂದು ನಾವು ಹೇಳಿದರೆ ಆ ಮಾಹಿತಿಯನ್ನು ಅಳಿಸಿದಂತೆ.

ಬೇರೆ ದಾರಿ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳೊಡನೆ ನಡೆಸಿದ ಅಧ್ಯಯನವನ್ನು ಹೋಮ್ಸ್, ವೀಮನ್ ಮತ್ತು ಬಾನ್ 2015ರಲ್ಲಿ ಪ್ರಕಟಿಸಿದರು. (ಕಾರ್ಲ್ ವೀಮನ್ 2001ರ ಭೌತವಿಜ್ಞಾನ ನೊಬೆಲ್ ಪುರಸ್ಕೃತರಲ್ಲಿ ಒಬ್ಬರು.) ಅಲ್ಲಿ ಲೋಲಕದಿಂದ ‘ಜಿ’ ಕೇಳಲಿಲ್ಲ, 10° ಮತ್ತು 20° ಕೋನಗಳಿಂದ ಬಿಟ್ಟಾಗಿನ ಅವಧಿಗಳನ್ನು ಹೋಲಿಸಲು ಹೇಳಿದರು. ಸರಳ ಸೂತ್ರದ ಪ್ರಕಾರ ಎರಡೂ ಸಮ. ವಾಸ್ತವದಲ್ಲಿ ವ್ಯತ್ಯಾಸ ಶೇಕಡಾ 0.6ರಷ್ಟು, ಒರಟು ಅಳತೆಗೆ ಅದು ಸಿಗದು, ಅಳತೆಯನ್ನು ಸುಧಾರಿಸಿದಂತೆ ಹೊರಬರುತ್ತದೆ. ಹೀಗೆ ಹೋಲಿಸಿ, ತಿದ್ದಿ, ಮತ್ತೆ ಅಳೆಯುವುದನ್ನು ಅಭ್ಯಾಸ ಮಾಡಿದವರು, ಮಾಡದವರಿಗಿಂತ 12 ಪಟ್ಟು ಹೆಚ್ಚಾಗಿ ತಾವಾಗಿಯೇ ಪ್ರಯೋಗ ವಿಧಾನದ ಸುಧಾರಣೆಗೆ ಮುಂದಾದರು.

‘ನಮ್ಮಲ್ಲಿ ಬ್ಯಾಚು ದೊಡ್ಡದು, ಉಪಕರಣ ಕಡಿಮೆ, ಪಠ್ಯಕ್ರಮ ಮುಗಿಸಬೇಕು’ ಎಂದು ಅಧ್ಯಾಪಕರು ಹೇಳಬಹುದು. ನಿಜ. ಆದರೆ ಇಲ್ಲಿ ಹೊಸ ಉಪಕರಣ ಯಾವುದೂ ಬೇಡ. ಒಂದು ಪ್ರಯೋಗಕ್ಕೆ ಎರಡು ವಾರ ಕೊಡಿ. ಬೇಕಾದರೆ ಇನ್ನೊಂದನ್ನು ಕೈಬಿಡಿ. ಉತ್ತರದ ಪಕ್ಕದಲ್ಲಿ ಅನಿಶ್ಚಿತತೆ ಬರೆಯದ ರೆಕಾರ್ಡಿಗೆ ಸಹಿ ಹಾಕಬೇಡಿ. ವೈವಾದಲ್ಲಿ ಸೂತ್ರ ಕೇಳುವ ಬದಲು ‘ಈ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು?’ ಎಂದು ಕೇಳಿ. ವಿದ್ಯಾರ್ಥಿಗಳೇ, 10.8 ಬಂದರೆ ಹೊಡೆದುಹಾಕಬೇಡಿ. ಕಾರಣ ಹುಡುಕಿ, ಅದನ್ನೂ ಬರೆಯಿರಿ. ಆ ಎರಡು ಸಾಲಿಗೆ ಅಂಕ ದೊರೆಯುವಂತಾದಾಗ ಲ್ಯಾಬಿನಲ್ಲಿ ಪ್ರಯೋಗ ನಡೆಯುತ್ತಿದೆ ಎನ್ನಬಹುದು.