'ಅನ್ಯಜನ' ಅಂದ್ರೆ ಯಾರು? ಕನ್ನಡ ಬೈಬಲ್ಲಿನ ಒಂದು ಪದ ಮತ್ತು ದೇವರ ಪ್ರೀತಿಯ ಭರವಸೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಲಾಗಿದೆ.)

ಸ್ಕ್ರೀನ್ ಮೇಲೆ ಮೂರು ಪದ ಕಾಣ್ತಿವೆ ಅಂದ್ಕೊಂಡಿದ್ದೇನೆ: ಅನ್ಯಜನರು, ಯೆಹೂದ್ಯರಲ್ಲದವರು, ಪರರಾಷ್ಟ್ರೀಯರು. ಮೊದಲನೆಯದು ಕನ್ನಡದ ಹಳೆಯ ಸತ್ಯವೇದದ ಪದ. ಎರಡನೆಯದು ಈಚಿನ ಸರಳ ಅನುವಾದದ್ದು. ಮೂರನೆಯದು ಮರಾಠಿ ಪವಿತ್ರಶಾಸ್ತ್ರದ್ದು. ಮೂರೂ 'ಎಥ್ನೆ' ಎಂಬ ಒಂದೇ ಗ್ರೀಕ್ ಪದದ ಅನುವಾದ.

ಮರಾಠಿ ಇಲ್ಲಿ ಯಾಕೆ ಬಂತು ಅಂತ ಕೇಳಬಹುದು. ಕಾಗಲ, ಗಡಹಿಂಗ್ಲಜ, ಇಚಲಕರಂಜಿ ಕಡೆ ಮನೆಯೊಳಗೆ ಕನ್ನಡ, ಪೇಟೆಯೊಳಗೆ ಮರಾಠಿ ಇರುವ ಕುಟುಂಬಗಳು ಬಹಳ. ಕ್ರೈಸ್ತ ಗ್ರಂಥವೂ ಈ ಸೀಮೆಗೆ ಎರಡು ದಿಕ್ಕಿನಿಂದ ಬಂದಿದೆ. ತೆಂಕಣದಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ಬಳ್ಳಾರಿಯಲ್ಲಿದ್ದು ಕನ್ನಡ ಬೈಬಲ್ಲಿನ ಕೆಲಸ ಹಿಡಿದರು. ಆಮೇಲೆ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿದರು. ಬಡಗಣದಲ್ಲಿ ಅಮೆರಿಕದ ರಾಯಲ್ ವೈಲ್ಡರ್ 1852ರಲ್ಲಿ ಕೊಲ್ಹಾಪುರಕ್ಕೆ ಬಂದರು. ಅಲ್ಲಿನ ಸಭೆಯ ಭಾಷೆ ಮರಾಠಿ. ಹಂಗಾಗಿ ಗಡಿಯ ಒಬ್ಬನೇ ಕೇಳುಗನಿಗೆ ಪೌಲನ ಒಂದೇ ಪತ್ರ ಎರಡು ಹೆಸರಿಟ್ಟು ಕರೆಯುತ್ತದೆ.

ನನ್ನ ವಾದ ಇಷ್ಟು. ಯೆಹೂದ್ಯರಿಗೂ ಉಳಿದ ಜನಾಂಗಗಳಿಗೂ ದೇವರ ಪ್ರೀತಿ ಉಂಟು ಎಂಬ ಹೊಸ ಒಡಂಬಡಿಕೆಯ ಭರವಸೆ ಕನ್ನಡದಲ್ಲಿ ಪೂರ್ತಿ ಕೇಳಬೇಕಾದರೆ, ಕೇಳುವವನಿಗೆ 'ಆ ಎರಡನೆಯವರು ಅಂದ್ರೆ ನಾವು' ಅಂತ ಹೊಳೆಯಬೇಕು. 'ಅನ್ಯಜನ' ಎಂಬ ಪದ ಬಳಕೆಯಲ್ಲಿ ದಿಕ್ಕು ಬದಲಿಸಿ, ಹಾಗೆ ಹೊಳೆಯುವುದಕ್ಕೇ ಅಡ್ಡ ನಿಂತಿದೆ.

1. ಯಾರಿಂದ ಅನ್ಯ?

'ಅನ್ಯ' ಸಾಪೇಕ್ಷ ಪದ. ಯಾರೋ ಒಬ್ಬರು ನಡುವೆ ನಿಂತು 'ಇವರು ಬೇರೆ' ಅನ್ನಬೇಕು. ಪೌಲ ಯೆಹೂದ್ಯ. ಅವನು ಆಡುವಾಗ ನಡುವೆ ಇರುವುದು ಇಸ್ರಾಯೇಲು. ಆ ಲೆಕ್ಕದಲ್ಲಿ ಕನ್ನಡ ಓದುಗ, ಅವನು ಯಾವ ಜಾತಿಯವನಾಗಿರಲಿ, ಯಾವ ಸಭೆಯವನಾಗಿರಲಿ, ಅನ್ಯಜನದವನೇ. ಆದರೆ ಪ್ರಸಂಗ, ಪ್ರಾರ್ಥನೆಗಳಲ್ಲಿ ಕೇಳಿಬರುವ ಬಳಕೆ ಗಮನಿಸಿ. 'ಅನ್ಯಜನರು' ಅಂದ್ರೆ ಅಲ್ಲಿ ಬಹುಮಟ್ಟಿಗೆ ಕ್ರೈಸ್ತರಲ್ಲದವರು, ಅಂದರೆ ಪಕ್ಕದ ಓಣಿಯ ಹಿಂದೂಗಳು. ನಡು ಜಾಗದಿಂದ ಇಸ್ರಾಯೇಲು ಸರಿದಿದೆ, ಆ ಜಾಗದಲ್ಲಿ ನಾವೇ ಕೂತಿದ್ದೇವೆ. ಯಾರನ್ನು ಒಳಗೆ ಕರೆಯಲು ಆ ಪದ ಬಂತೋ, ಅವರೇ ಅದನ್ನು ಹಿಡಿದು ಇನ್ನೊಬ್ಬರನ್ನು ಹೊರಗೆ ನಿಲ್ಲಿಸುತ್ತಿದ್ದಾರೆ.

ಗ್ರೀಕಿನಲ್ಲಿ ಈ ತೊಡಕು ಇಷ್ಟಿಲ್ಲ. 'ಎಥ್ನೆ' ಅಂದರೆ ಮೊದಲಿಗೆ ಜನಾಂಗಗಳು. ಯೆಹೂದ್ಯನ ಬಾಯಲ್ಲಿ ಬಂದಾಗ 'ನಾವಲ್ಲದ ಜನ' ಎಂಬ ಅರ್ಥವೂ ಕೂಡುತ್ತದೆ. ಕನ್ನಡ ಅನುವಾದ ಈ ಒಂದು ಪದವನ್ನು ಒಡೆದು ಹಂಚಿದೆ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಅದು ದೇಶಗಳ ಜನರಾಗುತ್ತದೆ, ಪೌಲನ ಪತ್ರದಲ್ಲಿ ಅನ್ಯಜನರಾಗುತ್ತದೆ. ಎರಡೂ ಒಂದೇ ಪದ ಅನ್ನುವುದು ಓದುಗನಿಗೆ ಕಾಣಿಸದು.

ಉತ್ತರದ ಆಡುಮಾತಿನಲ್ಲಿ ಇದಕ್ಕೆ ಹತ್ತಿರದ ಪದ ಒಂದೈತಿ: 'ಮಂದಿ'. 'ನಮ್ಮ ಮಂದಿ' ಅಂದ್ರ ನಮ್ಮವರು. ಬರೇ 'ಮಂದಿ ಏನಂತಾರ' ಅಂದ್ರ ಹೊರಗಿನವರು. ಮಂದಿ ಮಕ್ಕಳನ್ನ ಬಾವಿಗೆ ದೂಡಿ ಆಳ ನೋಡೋ ಗಾದೆಯಲ್ಲಿ ಮಂದಿ ಪೂರಾ ಪರರು. ಜನ ಮತ್ತು ಪರಜನ, ಎರಡೂ ಒಂದೇ ಪದದಲ್ಲಿವೆ. ಅನುವಾದದಲ್ಲಿ ಇದನ್ನೇ ಹಾಕಿರಿ ಅಂತ ನಾನು ಹೇಳ್ತಿಲ್ಲ. 'ಎಥ್ನೆ' ಹೇಗೆ ಕೆಲಸ ಮಾಡುತ್ತದೆ ಅನ್ನೋದು ನಮಗೆ ಪರಕೀಯವಲ್ಲ ಅಂತಷ್ಟೇ ಹೇಳ್ತಿದ್ದೇನೆ.

2. ಎಂಟು ಮುಗಿದು ಒಂಬತ್ತು

ದೇವರ ಪ್ರೀತಿಯ ಭರವಸೆಗೆ ಹೆಚ್ಚಾಗಿ ಉದ್ಧರಿಸುವ ಭಾಗ ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದ ಕೊನೆ. ಸಾವಾಗಲಿ, ಬದುಕಾಗಲಿ, ಯಾವುದೂ ಆ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದು ಎಂಬ ಆಶಯ ಅಲ್ಲಿದೆ. ಸಾಮಾನ್ಯವಾಗಿ ಓದು ಅಲ್ಲಿಗೇ ನಿಲ್ಲುತ್ತದೆ. ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ್ದು, ಪೌಲನದಲ್ಲ. ಅದನ್ನು ಅಳಿಸಿ ಓದಿದರೆ ಮುಂದಿನ ಮಾತೇ ಅಳಲಿನದು: ತನ್ನ ರಕ್ತಸಂಬಂಧಿಗಳಾದ ಯೆಹೂದ್ಯರಿಗಾಗಿ ಪೌಲ ಮನಸ್ಸಿನಲ್ಲಿ ನಿಲ್ಲದ ನೋವು ಅನ್ನುತ್ತಾನೆ.

ಇಷ್ಟು ದೊಡ್ಡ ಭರವಸೆಯ ಬೆನ್ನಿಗೇ ನೋವು ಯಾಕೆ? ಯಾಕಂದ್ರೆ ಒಂದು ಪ್ರಶ್ನೆ ಉಳಿದಿದೆ. ದೇವರು ಮೊದಲು ಮಾತು ಕೊಟ್ಟದ್ದು ಇಸ್ರಾಯೇಲಿಗೆ. ಆ ಮಾತನ್ನೇ ಕೈಬಿಟ್ಟಿದ್ದರೆ, ಆಮೇಲೆ ಬಂದವರಿಗೆ ಕೊಟ್ಟ ಮಾತಿಗೆ ಏನು ಗ್ಯಾರಂಟಿ? ಒಂಬತ್ತರಿಂದ ಹನ್ನೊಂದರವರೆಗಿನ ಮೂರು ಅಧ್ಯಾಯ ಈ ಪ್ರಶ್ನೆಯೊಂದಿಗೆ ಸೆಣಸುತ್ತವೆ. ದೇವರು ತನ್ನ ಜನರನ್ನು ತಳ್ಳಿಬಿಟ್ಟಿಲ್ಲ ಅನ್ನುವುದು ಪೌಲನ ಉತ್ತರ. ಅಂದ್ರೆ ಭರವಸೆ ಎರಡಿಲ್ಲ, ಒಂದೇ. ಯೆಹೂದ್ಯರನ್ನು ಅಳಿಸಿ ಆ ಜಾಗದಲ್ಲಿ ನಮ್ಮ ಹೆಸರು ಬರೆದುಕೊಂಡರೆ, ನಾವು ನಿಂತ ನೆಲವನ್ನೇ ಅಗೆದಂತೆ.

ಯುರೋಪಿನ ಕ್ರೈಸ್ತ ಇತಿಹಾಸ ಬಹುಕಾಲ ಅಗೆದದ್ದು ಇದನ್ನೇ. ಅದರ ಬೆಲೆಯನ್ನು ತೆತ್ತವರು ಯೆಹೂದ್ಯರು. ಯೆಹೂದ್ಯರನ್ನು ದೇವರು ತಿರಸ್ಕರಿಸಿದವರು ಎಂಬಂತೆ ಚಿತ್ರಿಸಬಾರದೆಂದು ಕಥೋಲಿಕ ಸಭೆ ಅಧಿಕೃತವಾಗಿ ಹೇಳಿದ್ದು 1965ರ ಅಕ್ಟೋಬರ್ 28ರಂದು, 'ನೋಸ್ತ್ರಾ ಎತಾತೆ' ಘೋಷಣೆಯಲ್ಲಿ. ನಮ್ಮ ಕಡೆಯ ಓದುಗನಿಗೆ ಯೆಹೂದ್ಯ ಅಂದ್ರೆ ಪುಸ್ತಕದೊಳಗಿನ ಪಾತ್ರ ಮಾತ್ರ. ಆದರೆ ಘಟ್ಟದ ಕೆಳಗೆ, ಕೊಂಕಣದಲ್ಲಿ, ಮರಾಠಿ ಮಾತಾಡುವ ಬೆನೆ ಇಸ್ರಾಯೇಲರು ತಲೆತಲಾಂತರದಿಂದ ಇದ್ದವರು. ಎಣ್ಣೆಗಾಣ ನಡೆಸುತ್ತಿದ್ದ ಅವರು ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಊರವರು ಇಟ್ಟ ಹೆಸರು 'ಶನಿವಾರ ತೇಲಿ'. ಪೌಲ ಅಳುತ್ತಿದ್ದ ಜನ ನಮ್ಮ ನೆರೆಯವರೇ.

3. ತಲೆಕೆಳಗಾದ ಕಸಿ

ಹನ್ನೊಂದನೆಯ ಅಧ್ಯಾಯದಲ್ಲಿ ಪೌಲ ಒಂದು ಕಸಿಯ ರೂಪಕ ಕೊಡುತ್ತಾನೆ. ಇಸ್ರಾಯೇಲು ಊರ ಎಣ್ಣೆಮರ, ಉಳಿದವರು ಅದಕ್ಕೆ ಕಸಿ ಕಟ್ಟಿದ ಕಾಡುಮರದ ಕೊಂಬೆ. ಕಲಮಿ ಮಾವು ಕಟ್ಟುವ ಯಾವ ರೈತನೂ ಇದನ್ನು ಕೇಳಿ ನಕ್ಕಾನು. ನಾವು ಕಟ್ಟುವುದು ಕಾಡುಬುಡಕ್ಕೆ ಒಳ್ಳೆ ಜಾತಿಯ ಕಡ್ಡಿ, ಇಲ್ಲಿ ಒಳ್ಳೆ ಬುಡಕ್ಕೆ ಕಾಡು ಕಡ್ಡಿ! ಪೌಲನಿಗೆ ಬೇಸಾಯ ತಿಳಿದಿರಲಿಲ್ಲ ಅಂತ ಕೆಲವರು ಟೀಕಿಸಿದ್ದುಂಟು. ಆದರೆ ಇದು ಸಹಜಕ್ಕೆ ವಿರುದ್ಧ ಅಂತ ಅವನೇ ಅದೇ ಭಾಗದಲ್ಲಿ ಹೇಳಿದ್ದಾನೆ. ಲಾಭದ ಲೆಕ್ಕಕ್ಕೆ ಸಿಗದ ಕಸಿ ಅದು. ಅದಕ್ಕೇ ಕೊಂಬೆಗೆ ಎಚ್ಚರಿಕೆ: ಬುಡದ ಮುಂದೆ ಜಂಬ ಬೇಡ, ಬೇರನ್ನು ನೀನು ಹೊತ್ತಿಲ್ಲ.

ಈ ಎಚ್ಚರಿಕೆ ಯಾರಿಗೆ? ಅನ್ಯಜನರಿಗೆ. 'ಅನ್ಯಜನ ಅಂದ್ರೆ ಪಕ್ಕದ ಮನೆಯವರು' ಅಂತ ರೂಢಿಯಾದ ಕಿವಿಗೆ ಈ ಮಾತು ತನ್ನ ವಿಳಾಸಕ್ಕೆ ಬಂದದ್ದು ಅಂತ ಗೊತ್ತೇ ಆಗೋದಿಲ್ಲ. ಪದದ ನಷ್ಟ ಇಲ್ಲಿ ನೀತಿಯ ನಷ್ಟವೂ ಆಗುತ್ತದೆ.

4. ಗೋಡೆ

ಯೆರೂಸಲೇಮಿನ ದೇವಾಲಯದಲ್ಲಿ ಒಂದು ಗಡಿಕಟ್ಟೆ ಇತ್ತು. ಪರಕೀಯ ಅದನ್ನು ದಾಟಿದರೆ ಅವನ ಸಾವಿಗೆ ಅವನೇ ಹೊಣೆ ಎಂದು ಸಾರುವ ಗ್ರೀಕ್ ಶಾಸನಕಲ್ಲು 1871ರಲ್ಲಿ ಸಿಕ್ಕಿತು. ಅದರಲ್ಲಿರುವ ಪದದ ಅಕ್ಷರಶಃ ಅರ್ಥ 'ಬೇರೆ ಹುಟ್ಟಿನವನು'. ಎಫೆಸದವರಿಗೆ ಬರೆದ ಪತ್ರ ಅಡ್ಡಗೋಡೆ ಬಿತ್ತು ಅನ್ನುವಾಗ ಹಿನ್ನೆಲೆಯಲ್ಲಿ ಈ ಕಟ್ಟೆಯನ್ನು ಕಾಣುವ ವಿದ್ವಾಂಸರಿದ್ದಾರೆ. ಹುಟ್ಟಿನ ಗೋಡೆ ಏನೆಂದು ಕೊಲ್ಹಾಪುರ ಸೀಮೆಗೆ ಬಿಡಿಸಿ ಹೇಳಬೇಕಿಲ್ಲ. ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿದ ಶಾಹೂ ಮಹಾರಾಜರಿಗೇ ವೇದೋಕ್ತ ಮಂತ್ರದ ಅಧಿಕಾರವಿಲ್ಲ ಅಂದ ನೆಲ ಇದು. 1902ರಲ್ಲಿ ಹಿಂದುಳಿದವರಿಗೆ ಶೇ. 50 ಹುದ್ದೆ ಮೀಸಲಿಟ್ಟ ನೆಲವೂ ಇದೇ.

ಮರಾಠಿಯ 'ಪರರಾಷ್ಟ್ರೀಯ' ಎಫೆಸದ ಪತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ಅಲ್ಲಿನ ಮೂಲದಲ್ಲೂ ಪೌರತ್ವದ, ಪರದೇಶಿಯ ಭಾಷೆಯೇ ಇದೆ. ಆದರೆ 1956ರ ಗಡಿಯ ನಂತರ ಈ ಸೀಮೆಯ ಕಿವಿಗೆ ಅದು ಸರಕಾರಿ ಕಾಗದದ ಪದದಂತೆ ಕೇಳುತ್ತದೆ. 'ಯೆಹೂದ್ಯರಲ್ಲದವರು' ಸಪ್ಪೆ, 'ಅಲ್ಲದ' ಎಂಬ ಕೊರತೆಯಿಂದಲೇ ಕಟ್ಟಿದ ಪದ. ಆದರೂ ನನ್ನ ಆಯ್ಕೆ ಅದೇ. ಅದನ್ನು ನೆರೆಯವನ ಮೇಲೆ ತಿರುಗಿಸಲು ಬರೋದಿಲ್ಲ. ನಡುವೆ ಯೆಹೂದ್ಯರನ್ನೇ ಇಡುತ್ತದೆ, ಓದುಗನನ್ನು ಅವನ ಜಾಗದಲ್ಲೇ ನಿಲ್ಲಿಸುತ್ತದೆ.

ಸಂವಾದ

ಒಬ್ಬ ಸಹಪಾಠಿಯ ಪ್ರಶ್ನೆ: ವಚನಗಳ ಭವಿ–ಭಕ್ತ ಭೇದವೂ ಇದೇ ಅಲ್ಲವೇ?

ಹತ್ತಿರ ಇದೆ, ಒಂದೇ ಅಲ್ಲ. ಶರಣರು ಹುಟ್ಟಿನ ಗೆರೆ ಅಳಿಸಿ ದೀಕ್ಷೆಯ ಗೆರೆ ಎಳೆದರು. ಪೌಲನೂ ಸುನ್ನತಿ ಬೇಕಿಲ್ಲ ಅಂದ, ನಂಬಿಕೆಯನ್ನು ಗುರುತಾಗಿ ಇಟ್ಟ. ಎರಡೂ ಕಡೆ ಆಮೇಲಿನ ಅಪಾಯವೂ ಒಂದೇ ಥರ: ಹೊಸ ಗೆರೆ ನಾಲ್ಕು ತಲೆಮಾರಿನಲ್ಲಿ ಮತ್ತೆ ಹುಟ್ಟಿನ ಗೆರೆಯಾಗುವುದು. ವ್ಯತ್ಯಾಸ ಅಂದ್ರೆ, ಹಳೆಯ ಒಡಂಬಡಿಕೆಯ ಜನರನ್ನು ಬಿಟ್ಟು ತನ್ನ ವಾದ ಮುಗಿಸಲು ಪೌಲನಿಗೆ ಆಗಲಿಲ್ಲ.

ಗುರುಗಳೊಬ್ಬರ ಪ್ರಶ್ನೆ: ಕ್ರೈಸ್ತನಲ್ಲದ ಓದುಗನಿಗೆ ಇದರಲ್ಲಿ ಏನಿದೆ ಸರ್ತಿ?

ಸರ್, ಮಂಜೇಶ್ವರದ ಗೋವಿಂದ ಪೈಗಳು ಮತ ಬದಲಿಸದೆಯೇ ಕ್ರಿಸ್ತನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಬರೆದರು, ಬುದ್ಧನ ಕೊನೆಯ ದಿನದ ಮೇಲೆ 'ವೈಶಾಖಿ' ಬರೆದರು. ಪೌಲನ ಲೆಕ್ಕದಲ್ಲಿ ಪೈಗಳೂ ಎಥ್ನೆ, ಬಾಸೆಲ್ಲಿನ ಕಿಟೆಲ್ಲರೂ ಎಥ್ನೆ. ಜರ್ಮನ್ ಪಾದ್ರಿಯನ್ನೂ ಕನ್ನಡ ಕವಿಯನ್ನೂ ಒಂದೇ ಸಾಲಿನಲ್ಲಿ ಕೂಡಿಸುವ ಪದ ಅದು. 'ಅನ್ಯಜನ' ಅಂತ ಓದಿದಾಗ ಒಬ್ಬರು ಈ ಕಡೆ, ಇನ್ನೊಬ್ಬರು ಆ ಕಡೆ ಹೋಗ್ತಾರೆ. ನಾವು ಸಾಹಿತ್ಯದ ವಿದ್ಯಾರ್ಥಿಗಳು ಕನಿಷ್ಠ ಆ ಸಾಲನ್ನಾದರೂ ಒಡೆಯದೆ ಓದಬೇಕು ಅನ್ನೋದು ನನ್ನ ವಿನಂತಿ.