ಖಳನ ಕುಲ, ಕರ್ತೃವಿನ ಬದುಕು: ಮ್ಯಾಗ್ನೆಟೋ ಪಾತ್ರದ ನಾಮವಿಚಾರ
1963ರಲ್ಲಿ ಮ್ಯಾಗ್ನೆಟೋನನ್ನು ಸೃಷ್ಟಿಸಿದ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ಇಬ್ಬರೂ ಯೆಹೂದಿಗಳು; ಅವರ ಹುಟ್ಟುಹೆಸರುಗಳು ಕ್ರಮವಾಗಿ ಲೀಬರ್ ಮತ್ತು ಕರ್ಟ್ಸ್‌ಬರ್ಗ್. ಅವರ ಅಂಕಿತನಾಮಗಳಂತೆಯೇ ಖಳನ ಹೆಸರೂ ಕುಲವನ್ನು ಸೂಚಿಸದು. ಅದು ಶಕ್ತಿಯನ್ನಷ್ಟೇ ಸೂಚಿಸುತ್ತದೆ. 1981ರಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಆತನನ್ನು ಆಶ್‌ವಿಟ್ಜ್‌ನಿಂದ ಬದುಕುಳಿದವನನ್ನಾಗಿ ಚಿತ್ರಿಸಿದರು. ಇಸ್ರೇಲಿನ ಕಿಬ್ಬುತ್ಸ್‌ನಲ್ಲಿ ಕ್ಲೇರ್‌ಮಾಂಟ್ ಕಳೆದ ದಿನಗಳೇ ಇದಕ್ಕೆ ಮೂಲವೆಂಬ ವಿವರಣೆ ಪ್ರಚಲಿತವಾಗಿದೆ. ಅದು ಪ್ರೇರಣೆಯನ್ನು ತಿಳಿಸುತ್ತದೆಯೇ ಹೊರತು ಪಠ್ಯದ ಅರ್ಥವನ್ನಲ್ಲ. ಅಲ್ಲಿ ಸ್ಥಳನಾಮವಿತ್ತು, ಕುಲವಾಚಕವಿರಲಿಲ್ಲ. ಆ ತೆರವಿನಿಂದಾಗಿಯೇ 1990ರ ದಶಕದ ಕಥನಗಳಲ್ಲಿ ಆತ ಸಿಂತಿ ಜನಾಂಗದವನೆನಿಸಲು ಸಾಧ್ಯವಾಯಿತು. 2008ರಲ್ಲಿ ಗ್ರೆಗ್ ಪಾಕ್ ಆತನನ್ನು ಮ್ಯಾಕ್ಸ್ ಐಸೆನ್‌ಹಾರ್ಟ್ ಎಂಬ ಯೆಹೂದಿ ಬಾಲಕನೆಂದು ಹೆಸರಿಸಿದ ಬಳಿಕವಷ್ಟೇ ಗುರುತು ಸ್ಥಿರಗೊಂಡಿತು. ಕರ್ತೃವಿನ ಅನುಭವವು ಸೂಚ್ಯವಾಗಿ ಉಳಿದರೆ ಅದನ್ನು ಅಳಿಸಬಹುದು. ವಾಚ್ಯವಾದದ್ದನ್ನು ಅಷ್ಟು ಸುಲಭವಾಗಿ ಅಳಿಸಲಾಗದು. ಆದುದರಿಂದ ಜೀವನಚರಿತ್ರಾತ್ಮಕ ವಿಮರ್ಶೆಯು ನಾಮಶಾಸ್ತ್ರದ ನೆರವಿಲ್ಲದೆ ಅಪೂರ್ಣವೇ ಸರಿ.