ಕುರನೂರ ಜಲಾಶಯದ ನೀರಿನ ಲೆಕ್ಕ

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನಲ್ಲಿ ಬೋರಿ ನದಿಗೆ ಕಟ್ಟಿದ ಕುರನೂರ ಜಲಾಶಯ ಬೇಸಿಗೆಯಲ್ಲಿ ಎಷ್ಟು ಕುಗ್ಗುತ್ತದೆ ಎಂಬುದನ್ನು ಕಂಪ್ಯೂಟರಿನ ಮುಂದೆ ಕೂತೇ ಅಳೆಯಬಹುದು. ಅದಕ್ಕೆ ಬೇಕಾದ, ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳೂ ಪುಕ್ಕಟೆ, ಸುಮಾರು 5 ದಿನಕ್ಕೊಮ್ಮೆ ಹೊಸದು.

ಈ ಅಳತೆ ನಡೆಯುವ ಬಗೆ ನನಗೆ ಬಲು ಇಷ್ಟ. ನೀರು ಅವಗೆಂಪು ಕಿರಣಗಳನ್ನು ಬಹುಪಾಲು ಹೀರಿಕೊಳ್ಳುತ್ತದೆ, ಹಸಿರು ಬೆಳಕನ್ನು ಅದಕ್ಕಿಂತ ಹೆಚ್ಚು ಹಿಂದಿರುಗಿಸುತ್ತದೆ. ಹಸಿರಿನಿಂದ ಅವಗೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಚಿತ್ರದಲ್ಲಿ ನೀರಿರುವ ಚೌಕಗಳು ಬೆಳಗಿ ನಿಲ್ಲುತ್ತವೆ. ಒಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂಥ 100 ಸೇರಿದರೆ ಒಂದು ಹೆಕ್ಟೇರ್. ಅಕ್ಟೋಬರಿನ ಚಿತ್ರದ ಮೇಲೆ ಏಪ್ರಿಲಿನದನ್ನಿಟ್ಟರೆ ಒಣಗಿದ ಅಂಚು ಎದ್ದು ಕಾಣುತ್ತದೆ. ಹೂಳು ಎಲ್ಲಿಂದ ಎತ್ತಬೇಕು, ಯಾವ ಊರಿಗೆ ಟ್ಯಾಂಕರ್ ಮೊದಲು ಬೇಕಾದೀತು ಎಂಬ ಚರ್ಚೆಗೆ ಅದು ಗಟ್ಟಿ ಆಧಾರ. ಸೊಲ್ಲಾಪುರದಂಥ ಬರದ ಜಿಲ್ಲೆಗೆ ಇದು ಸಣ್ಣ ಸಂಗತಿಯಲ್ಲ.

ಮೋಡ ಕವಿದರೆ ಈ ಉಪಗ್ರಹಕ್ಕೆ ನೆಲ ಕಾಣದು. ಆಳವನ್ನಂತೂ ಚಿತ್ರ ನೇರವಾಗಿ ಹೇಳದು. ಅದಕ್ಕೆ ದಡದ ಅಳತೆಪಟ್ಟಿಯನ್ನೇ ಓದಬೇಕು, ಊರ ರೈತರನ್ನೇ ಕೇಳಬೇಕು. ಹಾಗೆ ತಾಳೆ ನೋಡಿದ ನಕ್ಷೆಯನ್ನು ಮರಾಠಿಯ ಜೊತೆ ಕನ್ನಡದಲ್ಲೂ ಅಚ್ಚು ಹಾಕಿ ಗ್ರಾಮಸಭೆಯ ಮುಂದಿಟ್ಟರೆ, ತಪ್ಪಿದ್ದಲ್ಲಿ ಊರವರೇ ಬೆರಳಿಟ್ಟು ತಿದ್ದುತ್ತಾರೆ.